ಕರ್ಟನ್ ಹೊಲಿಸೋಕ್ಮುಂಚೆ ರಾಡ್ ಹಾಕ್ಸಿ: ನಮ್ಮನೆ 20 ಪ್ಯಾನೆಲ್ ಕಥೆ

ಹೊಸ ಮನೆಗೆ ಬಂದು ಒಂದೂವರೆ ತಿಂಗಳು ನಮ್ಮ ಬೆಡ್‌ರೂಮ್ ಕಿಟಕಿಗೆ ಇದ್ದಿದ್ದು ಎರಡು ಹಳೇ ಬೆಡ್‌ಶೀಟು, ಬಟ್ಟೆ ಒಣಗಿಸೋ ಕ್ಲಿಪ್ಪಲ್ಲಿ ಗ್ರಿಲ್‌ಗೆ ಸಿಕ್ಕಿಸಿದ್ವಿ. ಏಳನೇ ಮಹಡಿ, ಪಶ್ಚಿಮದ ಕಿಟಕಿ, ಎದುರಿಗೆ ಒಂದು ಮರಾನೂ ಇಲ್ಲ, ಬೆಂಗ್ಳೂರಿನ ಮಾರ್ಚ್ ಬಿಸ್ಲು ಮಧ್ಯಾಹ್ನ ಮೂರಕ್ಕೆ ಒಳಗೆ ಬಂದು ಕೂತ್ರೆ ಸಂಜೆ ಆರೂಕಾಲರ ತನಕ ಏಳಲ್ಲ. ತಿಪಟೂರಿಂದ ಅಮ್ಮ ಬಂದೋರು ಬಾಗ್ಲಲ್ಲೇ ನಿಂತು ನೋಡಿ "ಇದೇನೇ, ಇಷ್ಟು ದುಡ್ಡು ಕೊಟ್ಟು ಮನೆ ತಗೊಂಡು ಛತ್ರದ ಥರ ಇಟ್ಕೊಂಡಿದೀಯಲ್ಲೇ" ಅಂದ್ರು. ಆವತ್ತೇ ತೀರ್ಮಾನ ಆಯ್ತು, ಈ ಶನಿವಾರ ಕರ್ಟನ್ ಆರ್ಡರ್ ಕೊಡೋದೇ ಅಂತ.

ಅಲ್ಲಿಂದ ಶುರುವಾಗಿದ್ದು ಮುಗಿಯೋ ಹೊತ್ತಿಗೆ ನನಗೆ ಅರ್ಧ ಟೇಲರ್ ಕೆಲಸ, ಕಾಲು ಭಾಗ ಗಾರೆ ಕೆಲಸ ಬಂದಿತ್ತು. ಅಂಗಡಿ ಹೆಸರು ಹಾಕಲ್ಲ, ಯಾಕಂದ್ರೆ ಅವ್ರು ಕೆಟ್ಟೋರಲ್ಲ, ಬಟ್ಟೆ ವಿಷ್ಯದಲ್ಲಿ ಚೆನ್ನಾಗೇ ನೋಡ್ಕೊಂಡ್ರು, ಎಡವಿದ್ದು ಬೇರೆ ಕಡೆ. ಜಯನಗರದ ಕಡೆ ಇರೋ ಒಂದು ಮಧ್ಯಮ ಸೈಜಿನ ಫರ್ನಿಶಿಂಗ್ ಅಂಗಡಿ ಅಂತ ಇಟ್ಕೊಳ್ಳಿ.

ಮೊದ್ಲು ರೆಡಿಮೇಡ್ ಯಾಕೆ ತಗೊಳ್ಲಿಲ್ಲ ಅಂತ ಹೇಳ್ಬಿಡ್ತೀನಿ, ಎಲ್ರೂ ಅದನ್ನೇ ಕೇಳ್ತಾರೆ. ನಮ್ಮಲ್ಲಿ ರೆಡಿಮೇಡ್ ಕರ್ಟನ್ ಸಿಗೋದು 5 ಅಡಿ ಕಿಟಕಿಗೆ, 7 ಅಡಿ ಬಾಗಿಲಿಗೆ, 9 ಅಡಿ ಅಂತ ಉದ್ದದ್ದು. ನಮ್ಮ ಹಾಲಲ್ಲಿ ಬಾಲ್ಕನಿಗೆ 8 ಅಡಿ ಅಗಲದ ಸ್ಲೈಡಿಂಗ್ ಡೋರ್ ಇದೆ, ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು ರಾಡ್ ಹಾಕಿದ್ರೆ ನೆಲದಿಂದ ಸುಮಾರು 7 ಅಡಿ 9 ಇಂಚು. 7 ಅಡೀದು ಹಾಕಿದ್ರೆ ಪ್ಯಾಂಟು ಗಿಡ್ಡ ಆದ ಹೈಸ್ಕೂಲ್ ಹುಡುಗನ ಥರ ಕಾಣುತ್ತೆ, 9 ಅಡೀದು ತಂದ್ರೆ ಒಂದೂಕಾಲು ಅಡಿ ಕತ್ತರಿಸಿ ಬಿಸಾಕ್ಬೇಕು, ಹೊಲಿಗೆಗೆ ಮತ್ತೆ ದುಡ್ಡು. ನಾಗಸಂದ್ರದ ಐಕಿಯಾಗೂ ಹೋಗಿದ್ವಿ, 2022ರಲ್ಲಿ ಶುರುವಾದಾಗ ಜನ ನೋಡಿ ಹೆದರಿ ವಾಪಸ್ ಬಂದಿದ್ದೆ, ಈಗ ಆರಾಮಾಗಿ ಓಡಾಡ್ಬೋದು. ಅಲ್ಲಿ ನಾನು ನೋಡಿದ್ದೆಲ್ಲ 145 ಸೆಂ.ಮೀ. ಅಗಲ, 250 ಸೆಂ.ಮೀ. ಉದ್ದ, ಅಂದ್ರೆ 8 ಅಡಿಗೆ ಸ್ವಲ್ಪ ಜಾಸ್ತಿ, ನಿಜ ಹೇಳ್ಬೇಕಂದ್ರೆ ಹಾಲ್‌ಗೆ ಅದೇ ಸಾಕಾಗ್ತಿತ್ತು, ಕೆಳಗೆ ಐದಾರು ಇಂಚು ಮಡಚಿ ಹೊಲಿಸಿದ್ರೆ ಮುಗೀತಿತ್ತು. ಆದ್ರೆ ಅಮ್ಮನಿಗೆ ಬಣ್ಣ ಹಿಡಿಸ್ಲಿಲ್ಲ. "ಎಲ್ಲಾ ಬೂದಿ ಬಣ್ಣ, ಬೂದಿ ಬಣ್ಣ, ಮನೇಲಿ ಯಾರಾದ್ರೂ ಹೋಗ್ಬಿಟ್ಟಿದಾರಾ" ಅಂದ್ರು, ಅಲ್ಲಿಗೆ ಮಾತು ಮುಗೀತು.

ಅಮ್ಮನಿಗೆ ಕರ್ಟನ್ ಅಂದ್ರೆ ಇನ್ನೂ "ಸ್ಕ್ರೀನ್". ನಮ್ಮ ತಿಪಟೂರು ಮನೇಲಿ ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಸ್ಕ್ರೀನ್ ಇರ್ತಿತ್ತು, ಚೌಕಟ್ಟಿನ ಎರಡೂ ಕಡೆ ಒಂದೊಂದು ಕೊಕ್ಕೆ, ನಡುವೆ ಪ್ಲಾಸ್ಟಿಕ್ ಸುತ್ತಿದ ಸ್ಪ್ರಿಂಗ್ ತಂತಿ, ಅದಕ್ಕೆ ಹಳೇ ವಾಯಿಲ್ ಸೀರೆ ಹರಿದು ಹೊಲಿದ ಬಟ್ಟೆ. ಎರಡು ವರ್ಷಕ್ಕೆ ತಂತಿ ನಡುವೆ ಜೋತು ಬೀಳ್ತಿತ್ತು, ಅಪ್ಪ ಕಟಿಂಗ್ ಪ್ಲೇಯರ್ ತಂದು ಒಂದಿಂಚು ಕತ್ತರಿಸಿ ಮತ್ತೆ ಕೊಕ್ಕೆ ತಿರುಗಿಸ್ತಿದ್ರು, ಇನ್ನೆರಡು ವರ್ಷಕ್ಕೆ ಚಿಂತೆ ಇಲ್ಲ. ಒಟ್ಟು ಖರ್ಚು ತಂತೀದು ಮಾತ್ರ. ಆ ಮನೆಯಿಂದ ಬಂದೋಳಿಗೆ "ಮೇಡಂ ಒಂದು ಅಂದಾಜು ನಲವತ್ತು ಸಾವಿರ ಆಗುತ್ತೆ" ಅಂದಾಗ ಹೆಂಗಾಗಿರ್ಬೇಡ.

ಮೋಸ ಆಗೋದು ಹೇಗೆ ಅಂದ್ರೆ, ಅಂಗಡೀಲಿ ರೇಟು ಹೇಳೋದು ಮೀಟರ್ ಲೆಕ್ಕ. "ಇದು 520 ಮೇಡಂ" ಅಂತಾರೆ, ನಾವು ಮನಸ್ಸಲ್ಲೇ 8 ಅಡಿ ಬಾಗಿಲು ಅಂದ್ರೆ ಎರಡೂವರೆ ಮೀಟರ್, ಹದಿನೈದು ಸಾವಿರದಲ್ಲಿ ಮನೆ ಎಲ್ಲಾ ಮುಗಿಯುತ್ತೆ ಅಂತ ಲೆಕ್ಕ ಹಾಕ್ತೀವಿ. ಮೋಸ ಅಂತ ಅಂದ್ರೂ ಅವ್ರದ್ದೇನೂ ತಪ್ಪಿಲ್ಲ, ನಮಗೆ ಲೆಕ್ಕ ಗೊತ್ತಿಲ್ಲ ಅಷ್ಟೇ. ಕರ್ಟನ್ ಬಟ್ಟೆ ಪನ್ನ ಸಾಮಾನ್ಯವಾಗಿ 48 ಇಂಚು, ಕೆಲವು 54 ಇಂಚು. ಅಕ್ಕಪಕ್ಕದ ಅಂಚು ಮಡಚಿ ಹೊಲಿದ ಮೇಲೆ 48ರ ಬಟ್ಟೆ 44 ಆಗುತ್ತೆ. ಅದನ್ನ ಹಾಗೇ ಬಿಗಿಯಾಗಿ ಎಳೆದು ಹಾಕಿದ್ರೆ ಅದು ಕರ್ಟನ್ ಅಲ್ಲ, ಶಾಮಿಯಾನದ ಸೈಡ್‌ವಾಲ್. ನೆರಿಗೆ ಬೀಳ್ಬೇಕು ಅಂದ್ರೆ ರಾಡ್ ಉದ್ದದ ಎರಡರಷ್ಟು, ಶೀರ್ ಥರ ತೆಳು ಬಟ್ಟೆ ಆದ್ರೆ ಎರಡೂವರೆಯಷ್ಟು ಬಟ್ಟೆ ಬೇಕು. ಅಂದ್ರೆ ಒಂದು ಪ್ಯಾನೆಲ್ (ಒಂದು ಪನ್ನದ ಬಟ್ಟೆ ಹೊಲಿದ ತುಂಡು) ಮುಚ್ಚೋದು 22 ಇಂಚು ಮಾತ್ರ. ಬಾಗಿಲು 8 ಅಡಿ, ಎರಡೂ ಕಡೆ ಅರ್ಧರ್ಧ ಅಡಿ ಜಾಸ್ತಿ, ರಾಡ್ 9 ಅಡಿ, 108 ಇಂಚು, ಲೆಕ್ಕದ ಪ್ರಕಾರ ಐದು ಪ್ಯಾನೆಲ್, ನಡುವಿಂದ ಎರಡು ಕಡೆ ಸರಿಸೋದಕ್ಕೆ ಸರಿಸಂಖ್ಯೆ ಬೇಕಲ್ಲ, ಆರು.

ನಮ್ಮನೆಯವ್ರು "ನಾಲ್ಕು ಸಾಕಲ್ವಾ, ನಾವೇನು ಪೂರ್ತಿ ಮುಚ್ತೀವಾ" ಅಂದ್ರು. ಅಂಗಡಿ ಯಜಮಾನ್ರು ವಾದ ಮಾಡ್ಲಿಲ್ಲ, ಅದು ನನಗೆ ಇಷ್ಟ ಆಯ್ತು. ಕೌಂಟರ್ ಮೇಲೆ ಅದೇ ಬಟ್ಟೆ ಹರವಿ, ಸೀರೆ ನೆರಿಗೆ ಹಿಡಿಯೋ ಹಾಗೆ ಎರಡು ಕೈಯಲ್ಲಿ ಹಿಡಿದು, ಮೊದಲು ನಾಲ್ಕರ ಲೆಕ್ಕದಲ್ಲಿ ಬಿಟ್ರು, ಆಮೇಲೆ ಆರರ ಲೆಕ್ಕದಲ್ಲಿ. "ಸಾರ್, ಇದು ಲುಂಗಿ, ಇದು ಸೀರೆ" ಅಂದ್ರು. ನಮ್ಮನೆಯವ್ರು ನಕ್ಕು ಸುಮ್ನಾದ್ರು.

ಬಟ್ಟೆ ಆರಿಸೋ ವಿಷ್ಯಕ್ಕೆ ಈ ಅಂಗಡಿಗೆ ಫುಲ್ ಮಾರ್ಕ್ಸ್ ಕೊಡ್ತೀನಿ. ಡಿ'ಡೆಕೋರ್ ಥರದ ಕಂಪನಿಗಳ ದಪ್ಪ ದಪ್ಪ ಕ್ಯಾಟಲಾಗ್ ಇದ್ವು, ಅದರ ಅಂಗೈ ಅಗಲದ ಸ್ಯಾಂಪಲ್ ನೋಡಿ ಯಾರೂ ಆರ್ಡರ್ ಕೊಡ್ಬೇಡಿ, ಅಂಗೈಯಲ್ಲಿ ಮುದ್ದಾಗಿ ಕಾಣೋ ಹೂವು ಗೋಡೆ ತುಂಬಾ ಬಂದಾಗ ಮದುವೆ ಮನೆ ಆಗ್ಬಿಡುತ್ತೆ. ಇವ್ರು ರೋಲ್‌ನಿಂದ್ಲೇ ಬಿಚ್ಚಿ ಮೇಲಿಂದ ಕೆಳಗೆ ಇಳಿಬಿಟ್ಟು ತೋರಿಸಿದ್ರು, ಅಂಗಡಿ ಬಾಗಿಲ ತನಕ ತಗೊಂಡೋಗಿ ಬಿಸ್ಲಲ್ಲಿ ನೋಡೋಕೂ ಬಿಟ್ರು. ಟ್ಯೂಬ್‌ಲೈಟಲ್ಲಿ ಬೆಲ್ಲದ ಬಣ್ಣ ಅಂತ ಕಂಡಿದ್ದು ಬಿಸ್ಲಲ್ಲಿ ಹಸಿರು ಮಿಶ್ರ ಅಂತ ಗೊತ್ತಾಯ್ತು, ಬಚಾವ್. ದೊಡ್ಡ ಡಿಸೈನ್ ಇರೋ ಬಟ್ಟೆ ಆದ್ರೆ ಇನ್ನೊಂದು ಖರ್ಚು, ಪಕ್ಕದ ಪ್ಯಾನೆಲ್ ಹೂವು ಈ ಪ್ಯಾನೆಲ್ ಹೂವಿಗೆ ಸರಿಯಾಗಿ ಕೂರ್ಬೇಕಂದ್ರೆ ಪ್ರತಿ ಪ್ಯಾನೆಲ್‌ಗೂ ಬಟ್ಟೆ ಜಾಸ್ತಿ ಹೋಗುತ್ತೆ, ಅದಕ್ಕೇ ನಾವು ಪ್ಲೇನ್ ಥರದ್ದೇ ತಗೊಂಡ್ವಿ.

ಬ್ಲಾಕ್‌ಔಟ್ ಬಟ್ಟೆ (ಬೆಳಕು ಒಳಗೆ ಬಿಡದ್ದು) ತಗೊಳೋರು ಫೋನ್ ಟಾರ್ಚ್ ಆನ್ ಮಾಡಿ ಬಟ್ಟೆ ಹಿಂದೆ ಹಿಡೀರಿ. ನಮಗೆ ಮೊದಲು ತೋರಿಸಿದ ಎರಡು "ಬ್ಲಾಕ್‌ಔಟ್"ಗಳಲ್ಲಿ ಬೆಳಕಿನ ಉಂಡೆ ಚೆನ್ನಾಗೇ ಕಾಣ್ತಿತ್ತು. ಒಳಗೆ ಕಪ್ಪು ನೂಲು ಸೇರಿಸಿ ನೇಯ್ದಿರೋದು ಬೆಳಕನ್ನ ಬಹಳ ಮಟ್ಟಿಗೆ ತಡೆಯುತ್ತೆ, ಪೂರ್ತಿ ಅಲ್ಲ, ಆದ್ರೆ ಮೈ ಮೆತ್ತಗೆ, ಒಗೆಯೋದು ಸುಲಭ. ಹಿಂದುಗಡೆ ಮೂರು ಪದರ ಲೇಪನ ಇರೋದು ಪೂರ್ತಿ ಕತ್ತಲೆ ಮಾಡುತ್ತೆ, ಮುಟ್ಟಿದ್ರೆ ಸ್ವಲ್ಪ ರಬ್ಬರ್ ಶೀಟ್ ಥರ, ಅದನ್ನ ಮಷಿನ್ನಿಗೆ ಹಾಕಿ ಗಿರಗಿರ ತಿರುಗಿಸಿದ್ರೆ ಲೇಪನ ಎದ್ದು ಬರುತ್ತೆ, ಲೇಪನದ ಕಡೆ ಇಸ್ತ್ರೀನೂ ತಾಗಿಸಂಗಿಲ್ಲ. ನಾವು ಲೇಪನದ್ದೇ ತಗೊಂಡ್ವಿ, ಹಿಂಭಾಗ ಬಿಳೀದು, ಬಿಸಿಲನ್ನ ಒಂದಿಷ್ಟಾದ್ರೂ ವಾಪಸ್ ಕಳಿಸ್ಲಿ ಅಂತ.

ಇನ್ನು ಬಿಲ್ಲು. ಎಲ್ಲಾ ಬರೀತೀನಿ, ನಾನು ಹುಡುಕಿದಾಗ ಯಾರೂ ಬರ್ದಿರ್ಲಿಲ್ಲ. ಒಂದು ಪ್ಯಾನೆಲ್‌ಗೆ 2.75 ಮೀಟರ್ ಬಟ್ಟೆ. ಹಾಲ್ ಮೇನ್ ಕರ್ಟನ್ 6 ಪ್ಯಾನೆಲ್, 16.5 ಮೀಟರ್, 520ರ ಹಾಗೆ 8,580 ರೂಪಾಯಿ. ಅದರ ಹಿಂದಿನ ಶೀರ್ 6 ಪ್ಯಾನೆಲ್, 310ರ ಹಾಗೆ 5,115. ನಮ್ಮ ಬೆಡ್‌ರೂಮ್ ಬ್ಲಾಕ್‌ಔಟ್ 4 ಪ್ಯಾನೆಲ್, 11 ಮೀಟರ್, 640ರ ಹಾಗೆ 7,040. ಅಮ್ಮನ ರೂಮ್ ಕಾಟನ್ 4 ಪ್ಯಾನೆಲ್, 390ರ ಹಾಗೆ 4,290. ಹೊಲಿಗೆ ಪ್ಯಾನೆಲ್‌ಗೆ 220, ಇಪ್ಪತ್ತಕ್ಕೆ 4,400. ಐಲೆಟ್ ರಿಂಗ್ (ರಾಡ್ ತೂರಿಸೋಕೆ ಬಟ್ಟೆ ಮೇಲ್ಗಡೆ ತೂತು ಹೊಡೆದು ಕೂರ್ಸೋ ಬಳೆ) 160, ಒಂದಕ್ಕೆ 12, ಒಟ್ಟು 1,920. ಸ್ಟೀಲ್ ರಾಡ್ 31 ಅಡಿ, ಅಡಿಗೆ 110, 3,410. ಬ್ರಾಕೆಟ್ಟು, ತುದಿಗೆ ಹಾಕೋ ನಾಬು, ಫಿಟಿಂಗ್ ಚಾರ್ಜು ಸೇರಿ 3,610. ಅಡುಗೆಮನೆ ರೋಲರ್ ಬ್ಲೈಂಡ್ (ಸುರುಳಿ ಸುತ್ತಿ ಮೇಲೇರೋ ಪರದೆ) 12 ಚದರಡಿಗೆ 1,740. ಒಟ್ಟು 40,105, ಜಿಎಸ್‌ಟಿ ಬೇರೆ. ರಾಡು, ಬ್ರಾಕೆಟ್ಟು, ಫಿಟಿಂಗು ಎಲ್ಲಾ ಸೇರಿ ಏಳು ಸಾವಿರ ಚಿಲ್ರೆ, ಬಿಲ್ಲಿನ ಐದನೇ ಒಂದು ಪಾಲೂ ಇಲ್ಲ. ಆಮೇಲೆ ನಾನು ಪಟ್ಟ ಪಾಡೆಲ್ಲಾ ಆ ಪಾಲಿಂದ್ಲೇ.

ಅಳತೆ ತಗೊಳೋಕೆ ಒಬ್ರು ಬಂದ್ರು, ಟೇಪು, ಪೆನ್ಸಿಲ್ಲು, ಒಂದು ಸಣ್ಣ ಡೈರಿ. ಹಾಲ್ ಗೋಡೆ ಮೇಲೆ ರಾಡ್ ಎಲ್ಲಿ ಬರುತ್ತೆ ಅಂತ ಪೆನ್ಸಿಲ್ಲಲ್ಲಿ ಸಣ್ಣ ಗೆರೆ ಎಳೆದ್ರು, ಅಲ್ಲಿಂದ ನೆಲಕ್ಕೆ ಅಳತೆ ಹಿಡಿದು, ನೆಲ ಗುಡಿಸೋವಾಗ ತಾಗ್ಬಾರ್ದು ಅಂತ ಅರ್ಧ ಇಂಚು ಕಮ್ಮಿ ಬರ್ಕೊಂಡ್ರು. ಹತ್ತೇ ನಿಮಿಷ. ನಾನು ಕಾಫಿ ಮಾಡ್ಕೊಂಡು ಬರೋಷ್ಟ್ರಲ್ಲಿ ಶೂ ಹಾಕ್ಕೊಳ್ತಿದ್ರು. "ಯುಗಾದಿಗೆ ಮುಂಚೆ ಕೊಟ್ಬಿಡ್ತೀವಿ ಮೇಡಂ."

ಯುಗಾದಿ ಬಂತು, ಬೇವು ಬೆಲ್ಲ ತಿಂದ್ವಿ, ಬೆಡ್‌ಶೀಟ್ ಹಾಗೇ ಇತ್ತು. ಫೋನ್ ಮಾಡಿದ್ರೆ "ಟೇಲರ್ ಊರಿಗೆ ಹೋಗಿದಾರೆ", ಮಾರನೇ ದಿನ "ಹೊಲಿದಾಗಿದೆ, ರಿಂಗ್ ಪಂಚಿಂಗ್‌ಗೆ ಕಳ್ಸಿದೀವಿ", ಅದರ ಮಾರನೇ ದಿನ "ಗಾಡಿ ಇಲ್ಲ". ರಾಮನವಮಿ ಪಾನಕ ಕುಡಿದು ಎರಡು ದಿನ ಆದ್ಮೇಲೆ ಮಾಲು ಬಂತು. ಈ ನಡುವೆ ಏನಾಯ್ತು ಅಂದ್ರೆ, ಬಿಲ್ಡರ್ ಕಡೆ ಪೇಂಟರ್‌ಗಳು ಬಂದು ಹಾಲಲ್ಲಿ ಅಲ್ಲಲ್ಲಿ ಟಚ್‌ಅಪ್ ಮಾಡಿ ಹೋದ್ರು. ಪೆನ್ಸಿಲ್ ಗೆರೆಯೂ ಅದರ ಜೊತೆ ಹೋಯ್ತು. ನನಗೆ ಆವಾಗ ಅದು ತಲೆಗೇ ಹೊಳೀಲಿಲ್ಲ ನೋಡಿ.

ಫಿಟಿಂಗ್‌ಗೆ ಬಂದಿದ್ದು ಬೇರೆ ಹುಡುಗ, ಬಾಗಲಕೋಟೆ ಕಡೆಯವನು, ಇಪ್ಪತ್ತೆರಡು ಇಪ್ಪತ್ಮೂರು ಇರ್ಬೋದು. ಕೆಲಸಗಾರ ಅಂದ್ರೆ ಅವನೇ. ಡ್ರಿಲ್ ಹಾಕೋಕ್ಮುಂಚೆ ಹಳೇ ಮದುವೆ ಕಾರ್ಡಿನ ಕವರ್ ಕೇಳಿ ಇಸ್ಕೊಂಡು, ಬಾಯಿ ತೆರೆದು ತೂತಿನ ಕೆಳಗೆ ಟೇಪಲ್ಲಿ ಅಂಟಿಸಿದ, ಧೂಳೆಲ್ಲಾ ಕವರ್ ಒಳಗೇ ಬಿತ್ತು. ಆದ್ರೆ ಅವನ ಹತ್ರ ಇದ್ದಿದ್ದು ರಾಡ್ ಉದ್ದ ಬರ್ದಿರೋ ಚೀಟಿ ಮಾತ್ರ, ಎತ್ತರ ಬರ್ದಿರ್ಲಿಲ್ಲ. "ಮಾರ್ಕ್ ಎಲ್ಲೈತಿ ಅಕ್ಕಾರ" ಅಂದ. ಇಬ್ರೂ ಹುಡುಕಿದ್ವಿ, ಇಲ್ಲ. ಅಂದಾಜಲ್ಲಿ ಹಾಕಿದ. ಹಾಲಲ್ಲಿ ಬಾಗಿಲ ಮೇಲೆ ಪೂರ್ತಿ ಕಾಂಕ್ರೀಟ್ ಬೀಮು, ಡ್ರಿಲ್ ಕಿರುಚಿಕೊಂಡು ಒಂದೊಂದು ತೂತಿಗೆ ಐದೈದು ನಿಮಿಷ, ಕೆಳಗಿನ ಮನೆ ಆಂಟಿ ಇಂಟರ್‌ಕಾಮಲ್ಲಿ ಫೋನ್ ಮಾಡಿ "ಮಗು ಮಲಗಿದೆಯಪ್ಪಾ" ಅಂದ್ರು. ಅಷ್ಟೆಲ್ಲಾ ಆಗಿ ರಾಡ್ ಏರಿಸಿ, ಕರ್ಟನ್ ಪೋಣಿಸಿ ಬಿಟ್ರೆ, ನೆಲಕ್ಕೂ ಬಟ್ಟೆಗೂ ನಡುವೆ ಮೂರು ಇಂಚು ಬೆಳಕು.

ನಾನು ನೆಲದ ಮೇಲೆ ಕೂತು ಟೇಪ್ ಹಿಡಿದೆ. ಮೂರು ಇಂಚೇ. ಅರ್ಧ ಇಂಚು ಬೇಕು ಅಂತ ಬಿಟ್ಟಿದ್ದು, ಎರಡೂವರೆ ಇಂಚು ಕಮ್ಮಿ.

ಅಂಗಡಿಗೆ ಫೋನ್ ಮಾಡಿದೆ. ಅಳತೆಯವ್ರು "ನಾನು ಸರಿಯಾಗೇ ಬರ್ಕೊಂಡಿದ್ದೆ" ಅಂದ್ರು, ಅದೂ ನಿಜವೇ. "ರಾಡ್ ಕೆಳಗೆ ಇಳಿಸ್ಬಿಡೋಣ ಮೇಡಂ, ಏನ್ ಮಹಾ" ಅಂದ್ರು. ಏನ್ ಮಹಾ ಅಂತೆ. ಡಬಲ್ ಬ್ರಾಕೆಟ್ ಮೂರು, ಒಂದಕ್ಕೆ ಮೂರು ಸ್ಕ್ರೂ, ಒಂಬತ್ತು ತೂತು, ಹೊಸಾ ಪೇಂಟಿನ ಗೋಡೆ ಮೇಲೆ, ಅದೂ ರಾಡಿನ ಸ್ವಲ್ಪವೇ ಮೇಲೆ, ಕಣ್ಣಿಗೆ ಹೊಡೆಯೋ ಜಾಗದಲ್ಲಿ. ಆಗಲ್ಲ ಅಂದೆ. ಸ್ವಲ್ಪ ಜೋರಾಗೇ ಅಂದೆ, ಅಮ್ಮ ಅಡುಗೆಮನೆಯಿಂದ ಬಂದು ನೋಡಿದ್ರು.

ಕಾಪಾಡಿದ್ದು ಅಮ್ಮನೇ. ಕರ್ಟನ್ ಕೆಳಗಿನ ಅಂಚನ್ನ ಬೆರಳಲ್ಲಿ ಹಿಚುಕಿ ನೋಡಿ "ಇದ್ರಲ್ಲಿ ಬಟ್ಟೆ ಇದೆಯಲ್ಲೇ" ಅಂದ್ರು. ಕೆಳಗೆ 4 ಇಂಚಿನ ಮಡಿಕೆ, ಎರಡು ಸುತ್ತು, ಅಂದ್ರೆ ಒಳಗೆ 8 ಇಂಚು ಬಟ್ಟೆ. ಎರಡೂವರೆ ಬಿಚ್ಚಿದ್ರೂ ಐದೂವರೆ ಉಳಿಯುತ್ತೆ, ಮತ್ತೆ ಎರಡು ಸುತ್ತು ಮಡಚಿದ್ರೆ ಎರಡೂಮುಕ್ಕಾಲು ಇಂಚಿನ ಅಂಚು, ಚೆನ್ನಾಗೇ ಕೂರುತ್ತೆ. ಹನ್ನೆರಡು ಪ್ಯಾನೆಲ್ ಕಳಚಿ ಅಂಗಡಿಗೆ ವಾಪಸ್ ಹೋಯ್ತು, ಹಳೇ ಹೊಲಿಗೆಯ ಸೂಜಿ ಗುರುತು ಕಾಣದ ಹಾಗೆ ಹಬೆ ಇಸ್ತ್ರಿ ಮಾಡಿ ಐದು ದಿನಕ್ಕೆ ತಂದುಕೊಟ್ರು, ಇದಕ್ಕೆ ದುಡ್ಡು ಕೇಳ್ಲಿಲ್ಲ. ಅವತ್ತು ಕೆಳಗೆ ಒಂದು ಇಂಚಿನ ಮಡಿಕೆ ಹೊಡೆದಿದ್ರೆ ಹನ್ನೆರಡು ಪ್ಯಾನೆಲ್ಲೂ ಕಸದ ಬುಟ್ಟಿಗೇ. ಹಾಗಾಗಿ ಆರ್ಡರ್ ಕೊಡೋವಾಗ ಕೆಳಗೆ ನಾಲ್ಕಿಂಚು ಡಬಲ್ ಮಡಿಕೆ ಅಂತ ಬಿಲ್ಲಲ್ಲೇ ಬರೆಸಿ, ಕಾಟನ್ ಆದ್ರೆ ಇನ್ನೂ ಮುಖ್ಯ, ಮೊದಲನೇ ಒಗೆತಕ್ಕೆ ಅದು ಕುಗ್ಗೇ ಕುಗ್ಗುತ್ತೆ. ಅದಕ್ಕಿಂತ ಮುಂಚೆ, ರಾಡ್ ಮೊದಲು ಗೋಡೆಗೆ ಹಾಕ್ಸಿ, ಆಮೇಲೆ ರಾಡಿಂದ ನೆಲಕ್ಕೆ ಅಳತೆ ಹಿಡಿಸಿ. ಅಂಗಡಿಯೋರಿಗೆ ಎರಡು ಸಲ ಬರೋದು ಇಷ್ಟ ಇರಲ್ಲ, ಗೊಣಗ್ತಾರೆ. ಗೊಣಗ್ಲಿ, ಬೇಕಿದ್ರೆ ಇನ್ನೊಂದು ಮುನ್ನೂರು ಕೊಡಿ.

ವಾಪಸ್ ಬಂದ ಮೇಲೆ ಇನ್ನೊಂದು ಪ್ಯಾನೆಲ್ ಯಾಕೋ ಸರಿ ಕಾಣ್ಲಿಲ್ಲ. ಉಳಿದವೆಲ್ಲ ಗೋಡೆ ಕಡೆಗೆ ತುದಿ ತಿರುಗಿಸ್ಕೊಂಡು ಲಕ್ಷಣವಾಗಿ ನಿಂತಿವೆ, ಇದೊಂದು ಮಾತ್ರ ರೂಮಿನ ಕಡೆಗೆ ಕಿವಿ ಚಾಚ್ಕೊಂಡಿದೆ. ರಿಂಗ್ ಎಣಿಸಿದೆ. ಆರು, ಏಳು, ಎಂಟು, ಒಂಬತ್ತು. ಐಲೆಟ್ ಯಾವಾಗ್ಲೂ ಸರಿಸಂಖ್ಯೆ ಇರ್ಬೇಕು, ರಾಡು ಒಂದು ರಿಂಗಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುತ್ತಲ್ಲ, ಸರಿಸಂಖ್ಯೆ ಇದ್ರೇನೇ ಎರಡೂ ತುದಿ ಒಂದೇ ಕಡೆ ತಿರುಗೋದು. ಇದು ಯಾರೋ ಲೆಕ್ಕ ತಪ್ಪಿ ಒಡೆದಿರೋ ತೂತು, ತೂತನ್ನ ಮುಚ್ಚೋಕಾಗಲ್ಲ. ಆ ಪ್ಯಾನೆಲ್ ಹೊಸದಾಗಿ ಮಾಡಿಕೊಟ್ರು, ಅದಕ್ಕೆ ಇನ್ನೊಂದು ವಾರ. ಅದೇ ಬಣ್ಣದ ರೋಲ್ ಇನ್ನೂ ಇತ್ತು ಅನ್ನೋದೇ ಪುಣ್ಯ, ಬೇರೆ ಲಾಟ್ ಆಗಿದ್ರೆ ಬಣ್ಣ ಒಂದು ಚೂರಾದ್ರೂ ವ್ಯತ್ಯಾಸ ಬರ್ತಿತ್ತು.

ಇಷ್ಟಕ್ಕೇ ಮುಗೀತು ಅಂದ್ಕೊಂಡ್ರಾ. ಅಮ್ಮನ ರೂಮಿನ ರಾಡು. ಫಿಟ್ಟರ್ ಹುಡುಗ ಆವತ್ತೇ ಹೇಳಿದ್ದ. ಹಾಲಲ್ಲಿ ಕಿರುಚ್ತಿದ್ದ ಡ್ರಿಲ್ಲು ಅಮ್ಮನ ರೂಮಲ್ಲಿ ರಸ್ಕ್‌ಗೆ ಬೆರಳು ಚುಚ್ಚಿದ ಹಾಗೆ ಸದ್ದಿಲ್ದೆ ಒಳಗೆ ಹೋಯ್ತು, ಪೌಡರ್ ಥರದ ಪುಡಿ ಉದುರ್ತು, ಅವನು ಮುಖ ಹಿಂಡಿ "ಅಕ್ಕಾರ, ಇದು ಹಿಡಿಯಂಗಿಲ್ರಿ" ಅಂದ. ಈಗಿನ ಅಪಾರ್ಟ್‌ಮೆಂಟ್‌ಗಳಲ್ಲಿ ತುಂಬಾ ಕಡೆ ಗೋಡೆ ಹಗುರ ಬ್ಲಾಕಿಂದು, ಒಳಗೆಲ್ಲಾ ಗಾಳಿ ಗುಳ್ಳೆ. ಕಿಟಕಿ ಮೇಲೆ ಆರಿಂಚಷ್ಟು ಲಿಂಟಲ್ ಕಾಂಕ್ರೀಟ್ ಇರುತ್ತೆ, ಅಷ್ಟರೊಳಗೆ ಬ್ರಾಕೆಟ್ ಕೂತ್ರೆ ಆನೆ ನೇತಾಡಿದ್ರೂ ಬೀಳಲ್ಲ. ನಾನು ಏನ್ ಮಾಡಿದ್ದೆ, ಕಿಟಕಿ ದೊಡ್ಡದಾಗಿ ಕಾಣ್ಲಿ, ಎಲ್ಲಾ ರೂಮಲ್ಲೂ ರಾಡು ಒಂದೇ ಎತ್ತರ ಇರ್ಲಿ ಅಂತ ಒಂಬತ್ತು ಇಂಚು ಮೇಲೆ ಹಾಕ್ಸಿದ್ದೆ, ಲಿಂಟಲ್ ದಾಟಿ ಬ್ಲಾಕಿಗೆ ಹೋಗಿತ್ತು. ಅವನ ಡಬ್ಬೀಲಿ ಇದ್ದಿದ್ದು ಮಾಮೂಲಿ ಸಣ್ಣ ಪ್ಲಾಸ್ಟಿಕ್ ಪ್ಲಗ್, ಇರ್ಲಿ ಹಾಕು ಅಂದಿದ್ದೂ ನಾನೇ. ಹನ್ನೊಂದನೇ ದಿನ ರಾತ್ರಿ ಅಮ್ಮ ಕರ್ಟನ್ ಎಳೆದ್ರಂತೆ, ಒಂದು ಕಡೆ ಬ್ರಾಕೆಟ್ ಪ್ಲಗ್ ಸಮೇತ ಕಿತ್ಕೊಂಡು ಬಂತು, ರಾಡು ಮಂಚದ ತಲೆದಿಂಬಿನ ಮೇಲೆ. ಅಮ್ಮ ಕಿಟಕಿ ಹತ್ರ ನಿಂತಿದ್ರು, ಮಲಗಿರ್ಲಿಲ್ಲ. ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ.

ಮತ್ತೆ ಅದೇ ಹುಡುಗನ್ನ ಕರೆಸಿದೆ, ಅಂಗಡಿ ಮೂಲಕ ಅಲ್ಲ, ನೇರವಾಗಿ. ಈ ಥರ ಬ್ಲಾಕ್ ಗೋಡೆಗೇ ಅಂತ ಉದ್ದದ ನೈಲಾನ್ ಪ್ಲಗ್ ಬೇರೆ ಬರುತ್ತೆ, ಒಳಗೆ ಹೋಗಿ ಅಗಲ ಆಗಿ ಹಿಡ್ಕೊಳುತ್ತೆ. ತೂತು ಹೊಡೆಯೋವಾಗ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಹೊಡೆದ, ಹ್ಯಾಮರ್ ಆನ್ ಇದ್ರೆ ಬ್ಲಾಕು ಒಡೆದು ತೂತು ದೊಡ್ಡದಾಗುತ್ತಂತೆ. ಎರಡಿದ್ದ ಬ್ರಾಕೆಟ್ ಮೂರು ಮಾಡಿಸಿದೆ. ಅಮ್ಮನೇ ಎರಡು ಕೈಯಲ್ಲಿ ಜಗ್ಗಿ ಟೆಸ್ಟ್ ಮಾಡಿದ್ರು, ಆಮೇಲೆ ಅವನಿಗೆ ಊಟಕ್ಕೆ ಬಡಿಸಿದ್ರು. ನಿಮ್ಮದು ಪೂರ್ತಿ ಕಾಂಕ್ರೀಟ್ ಗೋಡೆ ಇರೋ ಮೈವಾನ್ ಕಟ್ಟಡ ಆದ್ರೆ ಈ ಚಿಂತೆ ಇಲ್ಲ, ಡ್ರಿಲ್ಲಿನ ತೂತು ಕೊರೆಯೋ ಬಿಟ್ ನಾಲ್ಕು ಮುರಿಯುತ್ತೆ ಅಷ್ಟೇ. ಯಾವ ಗೋಡೆ ಅಂತ ಬಿಲ್ಡರ್ ಹತ್ರ ಮೊದಲೇ ಕೇಳ್ಕೊಳ್ಳಿ.

ರಾಡ್ ಬಗ್ಗೆ ಇನ್ನೊಂದು, ಒಂದಿಂಚಿನ ಪೈಪೇ ತಗೊಳ್ಳಿ. ಮುಕ್ಕಾಲಿಂಚಿಂದು ಅಡಿಗೆ ಮೂವತ್ತು ನಲವತ್ತು ಕಮ್ಮಿ ಬೀಳ್ಬೋದು, ಆದ್ರೆ ನಾಲ್ಕೈದು ಅಡಿ ದಾಟಿದ್ರೆ ನಡುವೆ ಬಾಗುತ್ತೆ, ನಮ್ಮಪ್ಪನ ಸ್ಪ್ರಿಂಗ್ ತಂತಿ ಆದ್ರೂ ಕತ್ತರಿಸಿ ಬಿಗಿ ಮಾಡ್ಬೋದಿತ್ತು. ಡಬಲ್ ರಾಡ್ ಹಾಕ್ಸೋರು ಎರಡು ರಾಡ್ ನಡುವೆ ಎಷ್ಟು ಅಂತರ ಅಂತ ನೋಡಿ, ಐಲೆಟ್ ನೆರಿಗೆ ಹಿಂದಕ್ಕೂ ಮುಂದಕ್ಕೂ ಉಬ್ಬುತ್ತೆ, ಅಂತರ ಕಮ್ಮಿ ಇದ್ರೆ ಶೀರು ಮೇನ್ ಕರ್ಟನ್ನಿಗೆ ಸಿಕ್ಕಾಕ್ಕೊಂಡು ಒಂದನ್ನ ಎಳೆದ್ರೆ ಇನ್ನೊಂದೂ ಬರುತ್ತೆ. ನಮ್ಮದು ನಾಲ್ಕಿಂಚು ಇದೆ, ಪರ್ವಾಗಿಲ್ಲ.

ಈಗ ಎಲ್ರೂ ಕೇಳೋ ಪ್ರಶ್ನೆ, ಬ್ಲಾಕ್‌ಔಟ್ ಹಾಕಿದ್ಮೇಲೆ ಸೆಕೆ ಕಮ್ಮಿ ಆಯ್ತಾ. ಸ್ವಲ್ಪ. ಬೆಳಕು ಹೋಯ್ತು, ಮಂಚದ ಮೇಲೆ ಬೀಳ್ತಿದ್ದ ನೇರ ಬಿಸಿಲು ಹೋಯ್ತು, ಆದ್ರೆ ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಕರ್ಟನ್ ಏನ್ ಮಾಡುತ್ತೆ ಪಾಪ, ತಾನೇ ಕಾಯುತ್ತೆ. ಸಂಜೆ ಐದಕ್ಕೆ ಕರ್ಟನ್ ಹಿಂದೆ ಕೈ ಹಾಕಿದ್ರೆ ಒಲೆ ಪಕ್ಕ ಇಟ್ಟಂಗಿರುತ್ತೆ. ಬಿಸಿಲನ್ನ ಗಾಜಿನ ಹೊರಗೇ ತಡೆದ್ರೆ ಮಾತ್ರ ಸರಿಯಾದ ತಂಪು, ಅದಕ್ಕೇ ಹಳೇ ಮನೆಗಳಲ್ಲಿ ಜಗಲಿ, ಬಿದಿರಿನ ತಟ್ಟಿ, ಲಾವಂಚದ ಚಾಪೆ ಎಲ್ಲಾ ಹೊರಗೆ ಕಟ್ತಿದ್ರು. ನಮ್ಮ ಅಸೋಸಿಯೇಷನ್ ಹೊರಗೆ ಏನೂ ಕಟ್ಟೋಕೆ ಬಿಡಲ್ಲ.

ಇನ್ನೊಂದು ನನ್ನದೇ ತಪ್ಪು ಒಪ್ಕೋತೀನಿ. ಬೆಡ್‌ರೂಮ್‌ಗೂ ಐಲೆಟ್ ಹಾಕಿಸ್ಬಾರ್ದಿತ್ತು. ಐಲೆಟ್ ಅಲೆ ಅಲೆಯಾಗಿ ನಿಲ್ಲುತ್ತಲ್ಲ, ಮೇಲ್ಗಡೆ ರಾಡಿಗೂ ಗೋಡೆಗೂ ನಡುವೆ ಖಾಲಿ ಜಾಗ, ಅಲ್ಲಿಂದ ಬೆಳಕು ಸೀಲಿಂಗ್ ಮೇಲೆ ಸೋರುತ್ತೆ. ಎಷ್ಟು ದುಡ್ಡಿನ ಬ್ಲಾಕ್‌ಔಟ್ ಬಟ್ಟೆ ತಂದ್ರೂ ಅಷ್ಟೇ. ಸೀಲಿಂಗ್‌ಗೆ ಎಂ ಟ್ರ್ಯಾಕ್ (ರಾಡ್ ಬದ್ಲು ಕರ್ಟನ್ ಸರಿಯೋ ಹಳಿ) ಹಾಕಿಸಿ, ಮೇಲೆ ಬಕ್ರಂ (ಗಟ್ಟಿ ಪಟ್ಟಿ ಬಟ್ಟೆ) ಕೊಟ್ಟು ಹಿಡಿ ನೆರಿಗೆ ಹೊಲಿಸಿ, ತುದಿಯನ್ನ ಗೋಡೆಗೆ ತಿರುಗಿಸಿದ್ರೆ ಕತ್ತಲೆ ಅಂದ್ರೆ ಕತ್ತಲೆ. ಅಂಗಡಿಯೋರು ಇದನ್ನ ಹೇಳ್ಬೋದಿತ್ತು, ಹೇಳ್ಲಿಲ್ಲ. ಬದಲಿಗೆ ಮೋಟರ್ ಟ್ರ್ಯಾಕ್ ಬಗ್ಗೆ ಅರ್ಧ ಗಂಟೆ ಹೇಳಿದ್ರು, ಸೋಮ್ಫಿ ಅಂತ ಫ್ರೆಂಚ್ ಕಂಪನಿದು, ಫೋನಲ್ಲೇ ತೆಗೀಬೋದು ಮುಚ್ಬೋದು. ಟ್ರ್ಯಾಕ್ ತುದೀಲಿ ಕರೆಂಟ್ ಪಾಯಿಂಟ್ ಇಲ್ಲ ಅಂದೆ, ಮಾತು ನಿಲ್ತು. ಮನೆ ಇನ್ನೂ ಕಟ್ತಿರೋರು, ಮೋಟರ್ ಹಾಕ್ಸ್ತೀರೋ ಇಲ್ವೋ, ಒಂದು ಪಾಯಿಂಟ್ ಮಾತ್ರ ಬಿಟ್ಕೊಳ್ಳಿ.

ಅಡುಗೆಮನೆಗೆ ಬಟ್ಟೆ ಬೇಡ ಅಂತ ಅವ್ರೇ ಹೇಳಿದ್ದು, ಸರಿಯಾಗಿ ಹೇಳಿದ್ರು. ದಿನಕ್ಕೆ ಎರಡು ಸಲ ಒಗ್ಗರಣೆ ಹಾಕೋ ಮನೇಲಿ ಬಟ್ಟೆ ಆರು ತಿಂಗಳಿಗೆ ಜಿಡ್ಡು. ಒರೆಸೋಕೆ ಬರೋ ರೋಲರ್ ಬ್ಲೈಂಡ್ ಹಾಕ್ಸಿದ್ವಿ, ಒದ್ದೆ ಬಟ್ಟೇಲಿ ಒರೆಸಿದ್ರೆ ಆಯ್ತು. ಒಂದೇ ಒಂದು, ಅದನ್ನ ಏರಿಸಿ ಇಳಿಸೋ ಮಣಿ ಸರ ಕುಣಿಕೆ ಥರ ಜೋತಾಡ್ತಿತ್ತು, ಫಿಟ್ಟರ್ ಹಾಗೇ ಬಿಟ್ಟು ಹೋದ. ಫೋಟೋ ನೋಡಿ ನ್ಯೂಜೆರ್ಸೀಲಿರೋ ನನ್ನ ತಂಗಿ ತಕ್ಷಣ ಫೋನ್ ಮಾಡಿದ್ಲು, "ಅಕ್ಕಾ, ಪುಟ್ಟು ಅಲ್ಲೇ ಓಡಾಡ್ತಾನೆ, ಮೊದ್ಲು ಅದನ್ನ ಗೋಡೆಗೆ ಬಿಗಿ" ಅಂತ. ಮಕ್ಕಳ ಕುತ್ತಿಗೆಗೆ ಸಿಕ್ಕಿ ಸಾವಾಗಿರೋದ್ರಿಂದ ಅಮೆರಿಕದಲ್ಲಿ ಅಳತೆ ಕೊಟ್ಟು ಮಾಡ್ಸೋ ಬ್ಲೈಂಡ್‌ಗಳಿಗೂ ಹೀಗೆ ನೇತಾಡೋ ಹಗ್ಗ ಇರ್ಬಾರ್ದು ಅಂತ 2024ರ ಜೂನ್ 1ರಿಂದ ಹೊಸ ಸ್ಟ್ಯಾಂಡರ್ಡ್ ಜಾರಿಗೆ ಬಂದಿದೆ. ಸರವನ್ನ ಗೋಡೆಗೆ ಬಿಗಿಯಾಗಿ ಹಿಡಿಸೋ ಕ್ಲಿಪ್ಪು ಡಬ್ಬಿ ಒಳಗೇ ಇತ್ತು, ಯಾರೂ ಹಾಕಿರ್ಲಿಲ್ಲ. ಎರಡು ಸ್ಕ್ರೂ, ನಾನೇ ಹಾಕಿದೆ.

ರೇಟಿಂಗ್ ಕೇಳಿದ್ರೆ ಬಟ್ಟೆಗೂ ಹೊಲಿಗೆಗೂ ನಾಲ್ಕು, ಅಳತೆಗೆ ಎರಡು, ಹೇಳಿದ ದಿನಕ್ಕೆ ಕೊಡೋದಕ್ಕೆ ಒಂದು, ಫಿಟ್ಟರ್ ಹುಡುಗನಿಗೆ ಐದು. ತಪ್ಪಾದಾಗ ಫೋನ್ ಎತ್ತಿದ್ರು, ಸರಿ ಮಾಡಿದ್ರು, ಅದಕ್ಕೆ ಅರ್ಧ ಜಾಸ್ತಿ. ಮತ್ತೆ ಅಲ್ಲಿಗೇ ಹೋಗ್ತೀನಾ? ಬಟ್ಟೆಗೆ ಹೋಗ್ತೀನಿ. ರಾಡ್ ಮಾತ್ರ ಹಾರ್ಡ್‌ವೇರ್ ಅಂಗಡೀಲಿ ನಾನೇ ತಂದು ಆ ಹುಡುಗನ ಕೈಲೇ ಹಾಕಿಸ್ತೀನಿ.

ಹಾಂ, ಉಳಿದ ಬಟ್ಟೆ ಕೇಳಿ ಇಸ್ಕೊಳ್ಳಿ. ಪ್ಯಾನೆಲ್‌ಗೆ 2.75 ಮೀಟರ್ ಅಂತ ಬಿಲ್ ಹಾಕ್ತಾರೆ, ಒಂದೊಂದರಲ್ಲೂ ಎರಡು ಮೂರು ಇಂಚು ಉಳಿಯುತ್ತೆ, ಆರು ಪ್ಯಾನೆಲ್ ಆದ್ರೆ ಹತ್ತಿರ ಹತ್ತಿರ ಅರ್ಧ ಮೀಟರ್. ನಾನು ಕೇಳಿದಾಗ "ವೇಸ್ಟ್ ಮೇಡಂ ಅದು" ಅಂದ್ರು, ಅಮ್ಮ ಪಕ್ಕದಲ್ಲೇ ಇದ್ರು, "ವೇಸ್ಟಾದ್ರೂ ದುಡ್ಡು ನಮ್ದಲ್ವೇನಪ್ಪಾ" ಅಂದ್ರು. ಒಂದು ಕವರಲ್ಲಿ ಕಟ್ಟಿ ಕೊಟ್ರು. ಈಗ ನಮ್ಮ ಮಿಕ್ಸಿಗೂ ಹಾಲ್ ಕರ್ಟನ್ನಿಗೂ ಒಂದೇ ಬಟ್ಟೆ, ಮಿಕ್ಸಿ ಕವರಿಗೆ ಕೆಳಗೆ ನಾಲ್ಕಿಂಚು ಡಬಲ್ ಮಡಿಕೆ ಇದೆ.